ಒಡ್ಡಿನ ಮೇಲಿನ ನಾಲ್ಕು ಬೆನ್ನು

ಎಳ್ಳ ಅಮಾವಾಸ್ಯೆಯ ಮರುದಿನ, ಶನಿವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಈ ಪತ್ರಿಕೆಗಾಗಿ ಬರೆಯಲು ಕೂತಿದ್ದೇನೆ.

ನಮ್ಮ ಹೈಸ್ಕೂಲಿನ ಚಿತ್ರಕಲಾ ಶಿಕ್ಷಕಿ ತೀರಿಕೊಂಡು ಇವತ್ತಿಗೆ ಹನ್ನೆರಡು ದಿನ. ನಿವೃತ್ತರಾದ ಮೇಲೆ ರಾಮದುರ್ಗದಲ್ಲಿ ತಮ್ಮನ ಮನೆಯಲ್ಲಿದ್ದರು. ಸುದ್ದಿ ಅಲ್ಲಿಂದಲೇ ಬಂತು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಅಂಗಳದಲ್ಲಿ ಎರಡು ನಿಮಿಷ ಮೌನ ಆಚರಿಸಿದೆವು. ಆಮೇಲೆ ಹೆಡ್‌ಮಾಸ್ತರರು ಮಾತಾಡಿದರು. ಮೃದು ಸ್ವಭಾವದವರು ಅಂದರು. ಯಾರ ಮನಸ್ಸನ್ನೂ ನೋಯಿಸಿದವರಲ್ಲ ಅಂದರು. ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಿದ್ದರು ಅಂದರು.

ಮೂರೂ ಸುಳ್ಳು. ನಾನು ಗಣಿತದ ಅತಿಥಿ ಶಿಕ್ಷಕಿಯಾಗಿ ಈ ಶಾಲೆಗೆ ಸೇರಿದ ದಿನದಿಂದ ಡೈರಿ ಬರೆಯುತ್ತಿದ್ದೇನೆ. ಅವರೊಂದಿಗೆ ಕೆಲಸ ಮಾಡಿದ ಎರಡು ವರ್ಷದಲ್ಲಿ ಇದೇ ಹೆಡ್‌ಮಾಸ್ತರರ ಕೋಣೆಯಿಂದ ಅವರ ಧ್ವನಿ ಸ್ಟಾಫ್ ರೂಮಿನವರೆಗೆ ಕೇಳಿದ್ದು ಹದಿನಾಲ್ಕು ಸಲ. ಹೊಂದಿಕೊಂಡದ್ದು ಎಷ್ಟು ಸಲ ಎಂಬುದಕ್ಕೆ ನನ್ನಲ್ಲಿ ಒಂದು ಗೆರೆಯೂ ಇಲ್ಲ.

ಸುಳ್ಳು ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಮ್ಮೂರ ಸಮುದಾಯ ಭವನದ ಒಳಗೋಡೆಯ ಮೇಲೆ ಅವರು ಬರೆದ ದೊಡ್ಡ ಚಿತ್ರವಿದೆ. ಅವರ ನೆನಪಿಗಾಗಿ ಅದರ ಕೆಳಗೆ ಕಪ್ಪು ಕಲ್ಲಿನಲ್ಲಿ ಅವರ ಹೆಸರು ಕೊರೆಸುವುದು, ಹಾಗೇ ಚಿತ್ರದ ಎಡ ಮೂಲೆಯನ್ನು 'ಸ್ವಲ್ಪ ಸರಿಪಡಿಸುವುದು' ಎಂದು ಭವನದ ಕಮಿಟಿ ತೀರ್ಮಾನಿಸಿದೆ. ಸೋಮವಾರ ಬೈಲಹೊಂಗಲದಿಂದ ಪೇಂಟರ್ ಬರುತ್ತಾನೆ. ಕಮಿಟಿಯ ಅಧ್ಯಕ್ಷರು ನನ್ನ ಸ್ವಂತ ಕಾಕಾ, ಇರುವುದು ಒಂದೇ ಮನೆಯಲ್ಲಿ. ಅವರು ಕಲ್ಲಿನ ಮೇಲೆ ಬರೆಸಲಿರುವ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಊರೆಲ್ಲ ಕರೆದಂತೆ ಡ್ರಾಯಿಂಗ್ ಅಕ್ಕೋರು ಅನ್ನುತ್ತೇನೆ.

ಅಕ್ಕೋರು ಗಿಡ್ಡ, ದಪ್ಪ, ಕಪ್ಪು. ಚಿತ್ರ ಬರೆಯುವಾಗ ಸೀರೆಯ ಮೇಲೆ ತಮ್ಮನ ಹಳೆಯ ತುಂಬುತೋಳಿನ ಅಂಗಿ ತೊಡುತ್ತಿದ್ದರು. ತಪಕೀರು, ಅಂದರೆ ನಶ್ಯ, ಏರಿಸುತ್ತಿದ್ದರು, ಅದೂ ತರಗತಿಯಲ್ಲೇ, ಸೀನು ಬಂದರೆ ಮಕ್ಕಳೆಲ್ಲ ಒಟ್ಟಿಗೆ "ನೂರು ವರ್ಷ ಅಕ್ಕೋರ!" ಅನ್ನಬೇಕು. ಸ್ಟಾಫ್ ರೂಮಿನಲ್ಲಿ ಯಾರ ಡಬ್ಬಿಯನ್ನೂ ಕೇಳದೆ ತೆರೆಯುತ್ತಿದ್ದರು. ಮೊದಲ ವಾರ ನನ್ನ ಡಬ್ಬಿಯೊಳಗೆ ಬೆರಳಿಟ್ಟು ಅಗಸಿ ಹಿಂಡಿ ತೆಗೆದು ನಾಲಿಗೆಗೆ ಹಚ್ಚಿಕೊಂಡು ಕೇಳಿದರು: "ಇದು ಏನ್ ಗೊತ್ತೇನ ನಿನಗ?"

"ಅಗಸಿ ಚಟ್ನಿರಿ."

"ಗಣಿತದ ಮಾಸ್ತರಿಣಿ ಉತ್ತರಾ ಕರೆಕ್ಟ್, ಆದ್ರ ಅರ್ಧಾ ಮಾರ್ಕ್ಸ್. ಇದರ ಎಣ್ಣ್ಯಾಗ ಬಣ್ಣಾ ಕಲಸಿ ಅವರು ಚಿತ್ರಾ ಬರದ್ರು. ಇದರ ನಾರಿನ ಬಟ್ಟಿ ಮ್ಯಾಲ ಬರದ್ರು. ನಾವು ರೊಟ್ಟಿಗೆ ಹಚ್ಚಿಗೊಂಡು ತಿಂದು ಮುಗಿಸಿದಿವಿ."

ಅವರು ಅಂದರೆ ಫ್ಲಾಂಡರ್ಸಿನವರು. ಈಗಿನ ಬೆಲ್ಜಿಯಂ ಕಡೆಯ ಸೀಮೆ ಅದು. ನಾನೂರು, ಐನೂರು ವರ್ಷಗಳ ಹಿಂದೆ ಅಲ್ಲಿನ ಕೆಲವು ಚಿತ್ರಕಾರರು ದೇವರನ್ನೂ ದೊರೆಯನ್ನೂ ಬದಿಗಿಟ್ಟು ತಮ್ಮೂರ ರೈತರನ್ನು ಬರೆದರು: ರಾಶಿ ಮಾಡುವವರು, ಕುಡಿದು ಕುಣಿಯುವವರು, ಹಂದಿ ಕೊಯ್ಯುವವರು, ಮಗುವಿನ ತಲೆಯ ಹೇನು ನೋಡುವ ತಾಯಿ. ಅಕ್ಕೋರಿಗೆ ಈ ಚಿತ್ರಗಳು ಸಿಕ್ಕಿದ್ದು ಬೈಲಹೊಂಗಲದ ಒಂದು ರದ್ದಿ ಅಂಗಡಿಯಲ್ಲಿ, ಯಾವುದೋ ಕಾಲದ ವಿದೇಶಿ ಕ್ಯಾಲೆಂಡರಿನ ರೂಪದಲ್ಲಿ. ಒಂದು ತಿಂಗಳು ಹರಿದುಹೋಗಿ ಹನ್ನೊಂದು ಉಳಿದಿದ್ದವು. ತಿಂಗಳಿಗೊಂದನ್ನು ತರಗತಿಯ ಗೋಡೆಗೆ ಅಂಟಿಸಿ, ವಾರಗಟ್ಟಲೆ ಏನೂ ಹೇಳದೆ ಮಕ್ಕಳನ್ನು ನೋಡಲು ಬಿಡುತ್ತಿದ್ದರು.

ಹಿಮ ಬಿದ್ದ ಹಳ್ಳಿಯ ಚಿತ್ರ ಅಂಟಿಸಿದ ದಿನ ನಾನು ಅಲ್ಲೇ ಇದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಅಕ್ಕೋರ, ಇವ್ರದು ಹತ್ತಿ ಭಾರಿ ಬಂದೈತ್ರಿ."

ಹಿಂದಿನ ಬೆಂಚಿನಿಂದ ಇನ್ನೊಬ್ಬ ಅಂದ: "ಬಂದ್ರೇನಾತಲೇ, ಬಿಡಸಾಕ ಒಂದ್ ಆಳೂ ಬಂದಿಲ್ಲ ನೋಡ. ಎಲ್ಲಾ ಜಾರಿ ಬೀಳೂ ಆಟಾ ಆಡಾಕ ಹತ್ಯಾವ."

ಅಕ್ಕೋರು ನಕ್ಕು ನಕ್ಕು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. ಆದರೆ ತಿದ್ದಲಿಲ್ಲ. ಒಂದು ವಾರ ಆ ತರಗತಿಗೆ ಅದು ಹತ್ತಿಯ ಹೊಲವೇ ಆಗಿತ್ತು. ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ.

"ಹಿಮಾ ಅಂತ ಹೇಳಿದ ಕೂಡಲೇ ನೋಡೂದು ಬಿಡತಾವ. ಈಗ ನೋಡ, ಹತ್ತಿ ಯಾಕ ಗಿಡದ ಮ್ಯಾಲೂ ಐತಿ, ಮಾಳಗಿ ಮ್ಯಾಲೂ ಐತಿ ಅಂತ ಬಡದಾಡಾಕ ಹತ್ಯಾವ."

ಅವರು ಪದೇ ಪದೇ ಹೇಳುತ್ತಿದ್ದ ಮಾತು ಒಂದೇ: "ಮೂಲಿ ನೋಡ್ರಿ." ಆ ಚಿತ್ರಕಾರರು ನಡುವಿನಲ್ಲಿ ಗದ್ದಲ ತುಂಬಿಸಿ, ಮೂಲೆಯಲ್ಲಿ ನಿಜ ಇಟ್ಟಿರುತ್ತಾರೆ ಎಂಬುದು ಅವರ ನಂಬಿಕೆ. ಊಟದ ಚಿತ್ರವಾದರೆ ಉಣ್ಣುವವರನ್ನು ಬಿಟ್ಟು, ಪಾತ್ರೆ ತೊಳೆಯುತ್ತಿರುವವರು ಎಲ್ಲಿದ್ದಾರೆ ಎಂದು ಹುಡುಕಲು ಹೇಳುತ್ತಿದ್ದರು. ಸಿಗದಿದ್ದರೆ ಸಿಟ್ಟಿಗೆದ್ದು ಚಾಕ್‌ಪೀಸ್ ಎಸೆಯುತ್ತಿದ್ದರು. ಗುರಿ ಚೆನ್ನಾಗಿತ್ತು.

ಭವನದ ಗೋಡೆಯ ಮಾತು ಬಂದಾಗ ಕಮಿಟಿಯವರಿಗೆ ಬೇಕಾಗಿದ್ದದ್ದು ಕುದುರೆಯ ಮೇಲೆ ಕತ್ತಿ ಹಿಡಿದ ರಾಣಿ. ಕಿತ್ತೂರು ಹತ್ತಿರವಿರುವ ನಮ್ಮ ಕಡೆ ಅದು ಸಹಜವೇ. ಅಕ್ಕೋರು ಒಪ್ಪಲಿಲ್ಲ. "ರಾಣಿನ್ನ ಬರಿಯವ್ರು ಬಾಳ ಮಂದಿ ಅದಾರ್ರಿ, ಚಲೋನೂ ಬರದಾರ. ಆ ಕುದುರಿಗೆ ಹುಲ್ಲ ಹಾಕಿದಾಕಿನ್ನ ಒಬ್ಬರರೆ ಬರದಾರೇನು? ನಾ ನಿಮ್ಮೂರನ್ನ ಬರೀತೇನಿ. ಒಲ್ಲೆ ಅಂದ್ರ ಸುಣ್ಣಾ ಹಚ್ಚಿ ಬಿಡ್ರಿ."

ಆ ವರ್ಷದ ಎಳ್ಳ ಅಮಾವಾಸ್ಯೆಗೆ ನಮ್ಮ ಹೊಲಕ್ಕೆ ಶಾಲೆಯ ಎಲ್ಲ ಶಿಕ್ಷಕರನ್ನೂ ಊಟಕ್ಕೆ ಕರೆದಿದ್ದೆವು. ಅವತ್ತು ನಮ್ಮ ಸೀಮೆಯಲ್ಲಿ ಅಡುಗೆಯನ್ನೆಲ್ಲ ಗಾಡಿಯಲ್ಲಿಟ್ಟುಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಮಾಡಿದ ಅಡುಗೆಯ ಮೊದಲ ತುತ್ತು ಭೂಮಿಗೆ. ಆಮೇಲೆ ಎಲ್ಲರ ಊಟ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರನ್ನ. ಅಕ್ಕೋರು ಮಾತ್ರ ಅವತ್ತು ಎಲ್ಲಿಯೂ ಕೂರಲಿಲ್ಲ. ಎಡಗೈಯಲ್ಲಿ ರೊಟ್ಟಿ, ಬಲಗೈಯಲ್ಲಿ ಪೆನ್ಸಿಲ್. ಬಿಳಿಜೋಳದ ಅಂಚಿನಲ್ಲಿ ಅತ್ತಿಂದಿತ್ತ ತಿರುಗುತ್ತ ಉಂಡರು, ಬರೆದರು. "ಕುಂದರ್ರಿ ಅಕ್ಕೋರ" ಎಂದು ಕಾಕಾನ ಹೆಂಡತಿ, ನಮ್ಮ ಚಿಗವ್ವ, ಮೂರು ಸಲ ಕರೆದಳು.

"ನನ್ನ ಜಾಗಾ ಯಾವ್ದು ಅಂತ ನೋಡಾಕ ಹತ್ತೇನ್ರಿ" ಅಂದರು. ನಾವೆಲ್ಲ ನಕ್ಕೆವು. ತಮಾಷೆ ಅಂದುಕೊಂಡೆವು.

ಮುಂದಿನ ಎರಡು ತಿಂಗಳು ಸಂಜೆ ಶಾಲೆ ಬಿಟ್ಟ ಮೇಲೆ ಗೋಡೆಯ ಕೆಲಸ. ಅದೇ ಚರಗದ ಊಟ, ನಮ್ಮದೇ ಹೊಲ, ಗೋಡೆಯ ತುಂಬ ನಮ್ಮೂರ ಮಂದಿ. ನಮ್ಮ ಕಾಕಾ ಬಾಯಿಯ ಹತ್ತಿರ ಹೋಳಿಗೆ ಒಯ್ಯುತ್ತಿದ್ದಾರೆ, ಕಣ್ಣು ಮಾತ್ರ ಪಕ್ಕದವರ ತಾಟಿನ ಮೇಲೆ. ಚಿಗವ್ವ ಸೆರಗಿನಿಂದ ನೊಣ ಹೊಡೆಯುತ್ತಿದ್ದಾಳೆ. ಗಾಡಿಯ ಕೆಳಗೆ ನಾಯಿ. ತಮ್ಮನ್ನು ಗುರುತಿಸಿಕೊಂಡವರು ದಿನವೂ ಜಗಳಕ್ಕೆ ಬರುತ್ತಿದ್ದರು. ಹೊಟ್ಟೆ ಕಡಿಮೆ ಮಾಡಿರಿ ಎಂದು ಒಬ್ಬರು, ಹೊಸ ಟ್ರ್ಯಾಕ್ಟರ್ ಹಾಕಿರಿ ಎಂದು ಇನ್ನೊಬ್ಬರು. ಬನ್ನಿಗಿಡದ ನೆರಳಿನಲ್ಲಿ ಬಾಯಿ ತೆರೆದು ಮಲಗಿದ್ದ ಹಿಟ್ಟಿನ ಗಿರಣಿಯ ಅಜ್ಜನಂತೂ ಕೋಲು ಊರಿಕೊಂಡು ಬಂದ.

"ಅಕ್ಕೋರ, ಊರ ಮಂದಿ ನಗಾಕ ಹತ್ಯಾರ. ಬಾಯಿ ಮುಚ್ಚಿ ಬರೀರಿ."

"ನೀವು ಬಾಯಿ ಮುಚ್ಚಿ ಮಲಗ್ರಿ ಅಜ್ಜಾರ. ನಾ ಬರೀತೇನಿ."

ಹಿಂದೆ ನಿಂತಿದ್ದ ಅಜ್ಜಿ ಅಂದಳು: "ಅದು ಈ ಜನ್ಮದಾಗ ಆಗೂದಲ್ಲ ಬಿಡ್ರಿ. ಲಗ್ನಾದ ರಾತ್ರಿಯಿಂದ ನಾ ನೋಡಾಕ ಹತ್ತೇನಿ."

ಅಜ್ಜನ ಬಾಯಿ ಇವತ್ತಿಗೂ ಗೋಡೆಯ ಮೇಲೆ ತೆರೆದೇ ಇದೆ. ಅಜ್ಜ ಈಗ ನೆಂಟರು ಬಂದರೆ ಭವನಕ್ಕೆ ಕರೆದೊಯ್ದು ತೋರಿಸುತ್ತಾನೆ.

ಸರಿ, ಎಡ ಮೂಲೆ. ಊಟಕ್ಕೆ ಕೂತವರಿಂದ ದೂರ, ಹೊಲದ ಒಡ್ಡಿನ ಮೇಲೆ, ನಮಗೆ ಬೆನ್ನು ಕೊಟ್ಟು ಕೂತ ಹೆಂಗಸರು. ನಮ್ಮ ಹೊಲದ ಕೆಲಸಕ್ಕೆ ಬರುವವರು ಅವರು. ಪ್ರತಿ ವರ್ಷ ಅಮಾವಾಸ್ಯೆಗೆ ಅವರಿಗೂ ಹೇಳಿರುತ್ತೇವೆ. ಪ್ರತಿ ವರ್ಷ ಅವರು ಒಡ್ಡಿನ ಮೇಲೆಯೇ ಕೂರುತ್ತಾರೆ. ಪ್ರತಿ ವರ್ಷ ನಮ್ಮ ಮನೆಯವರು ಅಲ್ಲಿಗೆ ಹೋಗಿ ಮೇಲಿನಿಂದ ಅವರ ತಾಟಿಗೆ ಹಾಕಿ ಬರುತ್ತಾರೆ. ಇದು ನನಗೆ ಗೊತ್ತಿತ್ತು, ನೋಡಿದ್ದೆ. ಗೋಡೆಯ ಮೇಲೆ ಬರುವವರೆಗೆ ಅದು ನನಗೆ ಕಂಡಿರಲಿಲ್ಲ.

ಎಣಿಸುವುದು ನನ್ನ ಚಟ. "ಅಕ್ಕೋರ, ಅವತ್ತ ಮೂರು ಮಂದಿ ಇದ್ರು. ನೀವು ನಾಕ್ ಬೆನ್ನ ಬರದೀರಿ" ಅಂದೆ.

ಅಕ್ಕೋರು ಬ್ರಷ್ ತೊಳೆಯುತ್ತಿದ್ದರು. ತಿರುಗಲಿಲ್ಲ. "ನಾಲ್ಕನೇದಾಕಿ ನಮ್ಮವ್ವ."

ಅವರ ತಾಯಿ ರಾಮದುರ್ಗದ ಕಡೆ ಕೂಲಿಗೆ ಹೋಗುತ್ತಿದ್ದಳಂತೆ. ಅಲ್ಲೂ ಇಂಥದೇ ಹೊಲ, ಇಂಥದೇ ಅಮಾವಾಸ್ಯೆ, ಇಂಥದೇ ಒಡ್ಡು. ಅಕ್ಕೋರ ಮನೆತನ ಬುದ್ಧನ ಕಡೆ ಹೋದದ್ದು ಆಮೇಲಿನ ಮಾತು. ನಾನು ಸುಮ್ಮನಿರಬೇಕಿತ್ತೋ ಏನೋ. ಆದರೂ ಕೇಳಿದೆ: "ನೋಡಿದ್ದನ್ನ ಅಷ್ಟ ಬರೀತೇನಿ ಅಂತಿದ್ರಿ. ಅವ್ವಾರು ನಮ್ಮ ಹೊಲದಾಗ ಇರಲಿಲ್ಲಲ್ರಿ?"

"ನೋಡೇನಿ. ಆಕಿ ಮಗ್ಗಲಕ್ಕ ಕುಂತು ಉಂಡೇನಿ."

ಭವನದ ಉದ್ಘಾಟನೆಗೆ ಎರಡು ದಿನ ಮೊದಲು ಕಮಿಟಿಯವರು ಚಿತ್ರ ನೋಡಲು ಬಂದರು. ಕಾಕಾ ತಮ್ಮ ಹೋಳಿಗೆ ನೋಡಿಕೊಂಡು ಖುಷಿಯಾಗಿದ್ದರು. ಆಮೇಲೆ ಕಣ್ಣು ಮೂಲೆಗೆ ಹೋಯಿತು.

"ಅಕ್ಕೋರ, ಎಲ್ಲಾ ಭಾರಿ ಆಗೇತಿ. ಈ ನಾಕ್ ಮಂದಿನ್ನ ಅಷ್ಟ ಈ ಕಡೆ ಸರಸ್ರಿ. ಉಣ್ಣೂ ಸಾಲಿನ್ಯಾಗ ಜಾಗಾ ಐತಲ್ಲ."

"ಗ್ವಾಡಿ ಮ್ಯಾಲ ಐತ್ರಿ ಗೌಡ್ರ. ಹೊಲದಾಗ ಐತೇನು?"

"ನಾವೇನ್ ಅಲ್ಲಿ ಕುಂದರ್ರಿ ಅಂತ ಹೇಳೇವೇನ್ರಿ? ಅವ್ರ ತಾವಾಗೇ ಕುಂದರತಾರ."

"ಇಲ್ಲಿ ಬರ್ರಿ ಅಂತ ಕರದೀರೇನು?"

ಕಮಿಟಿಯ ಇನ್ನೊಬ್ಬರು ಮುಂದೆ ಬಂದು, ಹೊರಗಿನವರು ನೋಡಿದರೆ ಊರಿನ ಬಗ್ಗೆ ಏನು ತಿಳಿದಾರು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತಂತೆ ಬರೆದರೆ ಮಕ್ಕಳಿಗೂ ಒಳ್ಳೆಯ ಸಂದೇಶ ಅಂದರು.

ಅಕ್ಕೋರು ತಪಕೀರಿನ ಡಬ್ಬಿ ಮುಚ್ಚಿದರು. "ಮೊದಲ ಹೊಲದಾಗ ಕುಂದರಸ್ರಿ. ಕುಂತ್ರು ಅಂದ್ರ ನನಗ ಒಂದ್ ಫೋನ್ ಹಚ್ಚ್ರಿ. ಅವತ್ತ ಬ್ರಷ್ ತಗೊಂಡು ಬರತೇನಿ. ಬಣ್ಣದ ಖರ್ಚ ಸೈತ ನಂದ. ಅಲ್ಲೀತನಾ ಈ ಬೆನ್ನ ಮುಟ್ಟಿದವ್ರನ್ನ ಸುಮ್ಮನ ಬಿಡೂದಿಲ್ಲ ನಾ."

ಉದ್ಘಾಟನೆ ಆಯಿತು. ಆ ಮೂಲೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಭಾಷಣ ನಡೆಯುತ್ತಿದ್ದಾಗಲೇ ಅಕ್ಕೋರು ಎದ್ದು ಹೋಗಿ, ಆ ಕುರ್ಚಿಗಳನ್ನು ದರದರ ಎಳೆದು, ಎದುರಿನ ಗೋಡೆಗೆ ಒಯ್ದಿಟ್ಟರು. ಭಾಷಣಕಾರರು ಎರಡು ಸಲ ನಿಲ್ಲಿಸಬೇಕಾಯಿತು. ಆಮೇಲೆ ಅದು ಒಂದು ಆಟದ ಹಾಗೆ ಆಯಿತು. ಕಮಿಟಿ ಕುರ್ಚಿ ಪೇರಿಸುವುದು, ಅಕ್ಕೋರು ಸರಿಸುವುದು. ನಿವೃತ್ತಿಯ ದಿನ ಹಾರ ತುರಾಯಿ ಎಲ್ಲ ಮುಗಿದ ಮೇಲೆ ನನ್ನನ್ನು ಭವನಕ್ಕೆ ಕರೆದೊಯ್ದು ಕುರ್ಚಿಗಳತ್ತ ಕೈ ತೋರಿಸಿದರು. "ಇನ್ನ ಮ್ಯಾಲ ಇದು ನಿನ್ನ ಪಿರಿಯಡ್."

ಅವತ್ತೇ ನನಗೆ ಚಿತ್ರ ಬರೆಯುವುದನ್ನೂ ಕಲಿಸಿದರು. ಕೈವಾರವಿಲ್ಲದೆ ನನ್ನ ಕೈಯಿಂದ ಏನೂ ಬರುವುದಿಲ್ಲ ಅಂದಿದ್ದೆ. ಶಾಲೆಗೆ ಮರಳಿ, ಕಪ್ಪು ಹಲಗೆಯ ಮೇಲೆ ಎರಡು ಬಾಗಿದ ಗೆರೆ ಎಳೆದು ಮೇಲೊಂದು ತುರುಬು ಇಟ್ಟರು. "ಬೆನ್ನ ಬರಿ. ಮುಖದಾಗ ಮಂದಿ ಸುಳ್ಳ ಹೇಳತಾರ. ಬೆನ್ನಿನ್ಯಾಗ ಹೇಳಾಕ ಬರೂದಿಲ್ಲ." ನಾನು ಬರೆದ ಮೊದಲ ಬೆನ್ನು ಜೋಳದ ಚೀಲದ ಹಾಗಿತ್ತು. ಅದನ್ನೂ ಹೇಳಿದರು.

ಕಾಕಾನ ಫೋನ್ ಅವರಿಗೆ ಹೋಗಲೇ ಇಲ್ಲ. ಮೊದಲ ಅಮಾವಾಸ್ಯೆಗೆ ಹೋಗಲಿಲ್ಲ, ಎರಡನೆಯದಕ್ಕೂ ಹೋಗಲಿಲ್ಲ. ಮೂರನೆಯದು ನಿನ್ನೆ.

ಕಮಿಟಿಯ ತೀರ್ಮಾನ ಗೊತ್ತಾದ ರಾತ್ರಿಯೇ ಮನೆಯಲ್ಲಿ ನಾನು ಕಾಕಾನೊಂದಿಗೆ ಜಗಳ ಮಾಡಿದ್ದೆ. "ಸತ್ತವ್ರಿಗೆ ಗೌರವಾ ಕೊಡಾಕ ಹತ್ತೇವಿ ನಾವು. ಅದಕ್ಕೂ ನಿನ್ನ ತಕರಾರೇನು?" ಅಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ, ಅದೇ ಕಷ್ಟ. ಸಾಲಿನಲ್ಲಿ ಬರೆಸಿದರೆ ಆ ಹೆಂಗಸರಿಗೆ ಒಳ್ಳೆಯದು ಮಾಡಿದಂತೆ ಎಂದು ಅವರು ನಿಜವಾಗಿಯೂ ನಂಬಿದ್ದಾರೆ.

ನಿನ್ನೆ ಪೂಜೆಯಾಯಿತು, ಚರಗ ಚೆಲ್ಲಿದ್ದಾಯಿತು. ತಾಟು ಹಾಕಿದರು. ನಾನು ಕಾಯುತ್ತ ನಿಂತೆ. ಕಾಕಾ ಒಡ್ಡಿನ ಕಡೆ ನೋಡಿಯಾರು, ಒಂದು ಸಲ ಕೂಗಿಯಾರು ಅಂದುಕೊಂಡಿದ್ದೆ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಚಿಗವ್ವ ಬುಟ್ಟಿ ಹಿಡಿದು ಒಡ್ಡಿನತ್ತ ಹೊರಟಳು. ನಾನು ನನ್ನ ತಾಟು ಎತ್ತಿಕೊಂಡು ಅವಳ ಹಿಂದೆ ಹೋದೆ. ಅವಳು ನೀಡಿ ತಿರುಗಿದಳು. ನಾನು ತಿರುಗಲಿಲ್ಲ, ಕೂತೆ.

ಒಡ್ಡಿನ ಮೇಲಿದ್ದವರು ಅದೇ ಮೂವರು. ಅವರಲ್ಲಿ ಹಿರಿಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕವ್ವಾ, ಅಲ್ಲಿ ಹೋಳಿಗಿ ಕಮ್ಮಿ ಬಿದ್ದೂವೇನು?"

"ಇಲ್ಲಬೇ."

"ಹಂಗಾರ ಸರದ ಕುಂದರ. ಅಲ್ಲಿ ಇರವಿ ಗೂಡ ಐತಿ. ಓದಿದವ್ರಿಗೆ ಕಾಣೂದಿಲ್ಲ."

ಮೂವರೂ ನಕ್ಕರು. ಸರಿದು ಕೂತೆ. ಸೋಮವಾರದ ವಿಷಯ ಅವರಿಗೆ ಗೊತ್ತಿತ್ತು. ಊರಲ್ಲಿ ಯಾವುದು ತಾನೆ ಗೊತ್ತಾಗುವುದಿಲ್ಲ. ಹಿರಿಯಾಕೆ ರೊಟ್ಟಿ ಮುರಿಯುತ್ತ ಅಂದಳು: "ಸಾಲಿನ್ಯಾಗ ಬರದ್ರ ನಾವು ಅಲ್ಲಿ ಕುಂತು ಉಂಡಂಗ ಆತೇನು? ಉಣ್ಣೂದು ಇಲ್ಲಿ, ಹೆಸರು ಅಲ್ಲಿ. ಆ ಅಕ್ಕೋರು ನಮ್ಮನ್ನ ಕೇಳಿ ಬರದಿದ್ರು. ಇವ್ರು ಕೇಳ್ಯಾರೇನು ಅಳಸಾಕ?"

ಅಷ್ಟರಲ್ಲಿ ಕಾಕಾ ಬನ್ನಿಗಿಡದ ಕೆಳಗಿನಿಂದ ಕೂಗಿದರು. ಸಾಲಿನಲ್ಲಿ ಕೂತವರೆಲ್ಲ ಇತ್ತ ನೋಡುತ್ತಿದ್ದರು.

"ಏ ಹುಡುಗಿ, ಅಲ್ಲ್ಯಾಕ ಕುಂತಿ? ಮಂದಿ ಏನಂದಾರು? ಬಾ ಇಲ್ಲೆ!"

"ಯಾರೂ ಕುಂದರ ಅಂತ ಹೇಳಿಲ್ಲ ಕಾಕಾ. ನಾನಾಗೇ ಕುಂತೇನಿ."

ಕಾಕಾಗೆ ತಮ್ಮದೇ ಮಾತು ಗುರುತು ಹತ್ತಿತು ಎಂದು ಕಾಣುತ್ತದೆ. ತಮ್ಮ ಹೋಳಿಗೆಯತ್ತ ತಿರುಗಿದರು. ನಾನು ಸಾಲಿಗೆ ಬೆನ್ನು ಕೊಟ್ಟು ಉಂಡೆ. ಅಲ್ಲಿ ಕೂತಾಗ ತಿಳಿದದ್ದು ಇದು: ಒಡ್ಡಿನಿಂದ ಸಾಲು ಕಾಣುವುದಿಲ್ಲ, ಹೊಲ ಕಾಣುತ್ತದೆ. ಅವರು ಕೆಲಸ ಮಾಡಿದ ಹೊಲ, ಉದ್ದಕ್ಕೂ.

ರಾತ್ರಿಯಾದರೂ ಪೇಂಟರನಿಗೆ ಬರಬೇಡ ಎಂದು ಕಾಕಾ ಹೇಳಲಿಲ್ಲ.

ಆದ್ದರಿಂದ ಇವತ್ತು ಸಂಜೆ ನಾಲ್ಕು ಗಂಟೆಗೆ ನಾನು ಭವನಕ್ಕೆ ಹೋಗುತ್ತೇನೆ. ಅಕ್ಕೋರು ಬಿಟ್ಟುಹೋದ ಬ್ರಷ್ ನನ್ನ ಹತ್ತಿರ ಇದೆ. ಗೋಡೆಯ ಮೇಲೆ ನಾಲ್ಕು ಬೆನ್ನಿವೆ. ಅವರ ಅವ್ವನ ಜಾಗ ಅವ್ವನದೇ, ಅದನ್ನು ಯಾರೂ ತುಂಬುವಂತಿಲ್ಲ. ಅದರ ಪಕ್ಕದಲ್ಲಿ ಐದನೆಯದನ್ನು ಬರೆಯುತ್ತೇನೆ. ಅದು ನನ್ನದು. ನೋಡಿದ್ದನ್ನು ಮಾತ್ರ ಬರೆಯಬೇಕು ಎಂಬ ನಿಯಮ ಮುರಿಯುತ್ತಿಲ್ಲ, ನಿನ್ನೆ ಇಡೀ ಊರು ನೋಡಿದೆ. ಬೆನ್ನು ಚೀಲದ ಹಾಗೆ ಬಂದರೆ ಹೇಳಲು ಹಿರಿಯಾಕೆ ಜೊತೆಗೆ ಬರುತ್ತಾಳೆ. ಸೋಮವಾರ ಪೇಂಟರ್ ಬಂದಾಗ ಆ ನಾಲ್ಕನ್ನು ಅಳಿಸಬೇಕೆಂದರೆ, ಅಧ್ಯಕ್ಷರ ಮನೆಯ ಹುಡುಗಿಯ ಬೆನ್ನನ್ನೂ ಅಳಿಸಲು ಅಧ್ಯಕ್ಷರೇ ಹೇಳಬೇಕಾಗುತ್ತದೆ. ಹೇಳಲಿ. ಆ ಮೂವರೂ ನಾನೂ, ನಾಲ್ಕೂ ಮಂದಿ ಅಲ್ಲೇ ಗೋಡೆಗೆ ಮುಖ ಮಾಡಿ ಕೂತಿರುತ್ತೇವೆ. ಕುರ್ಚಿಗಳನ್ನು ಆಗಲೇ ಸರಿಸಿರುತ್ತೇನೆ.

ಇನ್ನು ಓದುಗರಲ್ಲಿ ಒಂದು ಕೇಳಿಕೆ. ನಮ್ಮೂರ ಮೂವರ ಹೆಸರು ನನಗೆ ಗೊತ್ತು, ಅವರನ್ನು ಕೇಳಿ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ನಾಲ್ಕನೆಯಾಕೆಯ ಹೆಸರನ್ನು ಅಕ್ಕೋರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ತಮ್ಮನಿಗೆ ಫೋನ್ ಮಾಡಿದೆ. ಅವ್ವ ತೀರಿಕೊಂಡಾಗ ಆತ ತೀರ ಸಣ್ಣವನಂತೆ. "ಅವ್ವ ಅಂತ ಅಷ್ಟ ಗೊತ್ರಿ" ಅಂದ. ರಾಮದುರ್ಗದ ಕಡೆಯ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಅಮಾವಾಸ್ಯೆಯ ದಿನ ಚಿತ್ರ ಗೀಚುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಡ್ಡಿನ ಮೇಲೆ ಉಣ್ಣುತ್ತಿದ್ದ ಹೆಂಗಸನ್ನು ಕಂಡವರು, ಅವಳೊಂದಿಗೆ ಕಳೆ ತೆಗೆದವರು, ಅವಳ ತಾಟಿಗೆ ನೀಡಿದವರು ಯಾರಾದರೂ ಉಳಿದಿದ್ದರೆ ಈ ಪತ್ರಿಕೆಗೆ ಬರೆಯಿರಿ. ಮಗಳ ಹೆಸರು ಬೇಡ. ಅದನ್ನು ಕಲ್ಲಿನ ಮೇಲೆ ಕೊರೆಯಲು ಸಿದ್ಧರಾದವರು ಇದ್ದಾರೆ. ತಾಯಿಯ ಹೆಸರು ಬೇಕು.